ತಾಯಿಮೀನೂ ತತ್ತಿಗಳೂ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 22:6, 7, ಯೋಹಾನ 21:1–14.



ಮೋಶೆಯ ಧರ್ಮಶಾಸ್ತ್ರದಲ್ಲಿ ಅರಸರನ್ನೂ ಯಾಜಕರನ್ನೂ ಯುದ್ಧವನ್ನೂ ಕುರಿತ ದೊಡ್ಡ ಆಜ್ಞೆಗಳ ನಡುವೆ ಹಕ್ಕಿಯ ಗೂಡಿನ ವಿಷಯವಾಗಿ ಒಂದು ಚಿಕ್ಕ ಆಜ್ಞೆಯುಂಟು. ದಾರಿಹೋಕನು ಗೂಡನ್ನು ಕಂಡರೆ ಮರಿಯನ್ನಾಗಲಿ ತತ್ತಿಯನ್ನಾಗಲಿ ತೆಗೆದುಕೊಳ್ಳುವದಕ್ಕೆ ಅಪ್ಪಣೆಯಿದೆ. ಕಾವು ಕೂತ ತಾಯಿಯನ್ನು ಮಾತ್ರ ಸೇರಿಸಿ ಹಿಡಿಯಲು ಅಪ್ಪಣೆಯಿಲ್ಲ. ಇಷ್ಟು ಅಲ್ಪವಾದ ಆಜ್ಞೆಗೆ ಸುಖವೂ ದೀರ್ಘಾಯುಷ್ಯವೂ ಉಂಟಾಗುವವೆಂಬ ವಾಗ್ದಾನವು ಕೂಡಿಬಂದಿದೆ. ತಂದೆತಾಯಿಗಳನ್ನು ಸನ್ಮಾನಿಸುವವರಿಗೆ ಕೊಟ್ಟ ವಾಗ್ದಾನವನ್ನೇ ದೇವರು ಒಂದು ಹಕ್ಕಿಯನ್ನು ಹಾರಬಿಟ್ಟವನಿಗೂ ಕೊಟ್ಟಿದ್ದಾನೆಂಬದನ್ನು ನೋಡಿರಿ.

ಈ ಆಜ್ಞೆಯು ನೀರಿನಲ್ಲಿರುವವುಗಳಿಗೂ ಸಲ್ಲುವದೋ ಎಂದು ನಾನು ಬಹುಕಾಲ ಯೋಚಿಸಿದವನಲ್ಲ. ದೂರದೇಶದ ಒಂದು ಮೀನಿನ ವೃತ್ತಾಂತವನ್ನು ಓದಿದ ಮೇಲೆ ಆ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ಅದನ್ನು ನಿಮಗೂ ತಿಳಿಸುತ್ತೇನೆ.

ಉತ್ತರ ಅಮೇರಿಕಾದ ಮಿಸ್ಸಿಸ್ಸಿಪ್ಪಿ ಎಂಬ ಮಹಾನದಿಯಲ್ಲಿಯೂ, ಅದರ ನೀರಿಗೆ ಕೂಡುವ ಮಿಸೌರಿ, ಒಹಾಯೋ, ಯೆಲ್ಲೋಸ್ಟೋನ್ ಮೊದಲಾದ ಹೊಳೆಗಳಲ್ಲಿಯೂ, ಆ ಹೊಳೆಗಳಿಗೆ ಅಣೆಕಟ್ಟುಗಳನ್ನು ಕಟ್ಟಿದ್ದರಿಂದ ಉಂಟಾದ ಸರೋವರಗಳಲ್ಲಿಯೂ ಪ್ಯಾಡಲ್‌ಫಿಶ್ ಎಂಬ ಮೀನು ಇರುತ್ತದೆ. ನಮ್ಮ ಮಾತಿನಲ್ಲಿ ಅದನ್ನು ಹುಟ್ಟುಮೀನು ಎನ್ನಬಹುದು. ಯಾಕಂದರೆ ದೋಣಿಯ ಹುಟ್ಟಿನಂತೆ ಉದ್ದವೂ ಅಗಲವೂ ಆದ ಮೂತಿಯು ಅದರ ಮುಖದಿಂದ ಮುಂದಕ್ಕೆ ಚಾಚಿಕೊಂಡಿದೆ. ಮೈ ನುಣುಪಾದದ್ದು, ಪೊರೆಗಳು ಇಲ್ಲವೆಂದೇ ಹೇಳಬೇಕು. 2024ರಲ್ಲಿ ಮಿಸೌರಿ ಸಂಸ್ಥಾನದ ಟೇಬಲ್ ರಾಕ್ ಸರೋವರದಲ್ಲಿ ಹಿಡಿದ ಒಂದು ಮೀನು 164 ಪೌಂಡಿಗಿಂತ ಹೆಚ್ಚು ತೂಗಿತು; ಅಂದರೆ ಒಂದು ಭತ್ತದ ಮೂಟೆಯ ಭಾರ. ಇಷ್ಟು ದೊಡ್ಡ ಪ್ರಾಣಿಯು ಬೇಟೆಯಾಡಿ ಬದುಕುವದಿಲ್ಲ. ಬಾಯನ್ನು ಅಗಲವಾಗಿ ತೆರೆದು ಈಜುತ್ತಾ, ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು ಕಿವಿರುಗಳ ಜರಡಿಯಲ್ಲಿ ಸೋಸಿ ನುಂಗುತ್ತದೆ. ಕೆಸರುನೀರಿನಲ್ಲಿ ಅವುಗಳಿರುವ ಸ್ಥಳವನ್ನು ಆ ಮೂತಿಯ ಮೇಲಿರುವ ಸಾವಿರಾರು ಸೂಕ್ಷ್ಮ ಇಂದ್ರಿಯಗಳು ತಿಳಿಸುತ್ತವೆ.

ಆದಕಾರಣ ಗಾಳಕ್ಕೆ ಎರೆಹುಳವನ್ನು ಸಿಕ್ಕಿಸಿ ಇದರ ಮುಂದೆ ಹಿಡಿದರೆ ಪ್ರಯೋಜನವಿಲ್ಲ. ಅಲ್ಲಿಯವರು ಬಲವಾದ ಕೋಲಿಗೆ ಗಟ್ಟಿದಾರವನ್ನೂ ಸೀಸದ ಗುಂಡನ್ನೂ ಮೂರು ಮುಳ್ಳುಗಳ ಗಾಳವನ್ನೂ ಕಟ್ಟಿ, ದೂರಕ್ಕೆ ಎಸೆದು, ನೀರಿನೊಳಗೆ ಜಗ್ಗಿ ಜಗ್ಗಿ ಎಳೆಯುತ್ತಾರೆ. ಹಾಯುವ ಮೀನಿನ ಬೆನ್ನಿಗೋ ಪಕ್ಕೆಗೋ ಬಾಲಕ್ಕೋ ಮುಳ್ಳು ನಾಟುತ್ತದೆ. ಅದು ಚಿಕ್ಕದೋ ದೊಡ್ಡದೋ, ತತ್ತಿಯುಳ್ಳದ್ದೋ ಇಲ್ಲದ್ದೋ ಎಂಬದು ದಡಕ್ಕೆ ಬರುವ ತನಕ ಎಳೆಯುವವನಿಗೆ ತಿಳಿಯದು. ಅದು ಕುರುಡು ಗಾಳ.

ಹಿಡಿಯುವ ಕಾಲವನ್ನೂ ಗಮನಿಸಿರಿ. ಚಳಿಗಾಲವು ಕಳೆದು, ಹಿಮ ಕರಗಿ, ಮಳೆ ಬಿದ್ದು ಹೊಳೆಯು ಏರಿದಾಗ ಈ ಮೀನುಗಳು ಪ್ರವಾಹಕ್ಕೆ ಎದುರಾಗಿ ಏರಿ, ಗರಸುಕಲ್ಲಿನ ತಳದಲ್ಲಿ ತತ್ತಿಯಿಡಲು ಹೋಗುತ್ತವೆ. ಜನರು ದಡದಲ್ಲಿ ಸಾಲಾಗಿ ನಿಲ್ಲುವದು ಆಗಲೇ. ಮಲೆನಾಡಿನ ಸಭೆಗಳವರಿಗೆ ನಾನು ಇದನ್ನು ವಿವರಿಸಬೇಕಾದದ್ದಿಲ್ಲ. ಮೊದಲ ಮಳೆಗೆ ಹಳ್ಳವನ್ನೇರುವ ಹತ್ತುಮೀನನ್ನು ಅವರು ಚೆನ್ನಾಗಿ ಬಲ್ಲರು. ಆದರೆ ನಮ್ಮ ಹಳ್ಳದ ಸಣ್ಣ ಮೀನು ಬೇಗನೆ ಬೆಳೆದು ತತ್ತಿಯಿಡುವದು. ಉತ್ತರದ ಹೊಳೆಗಳ ಹುಟ್ಟುಮೀನಿಗಾದರೋ ಮೊದಲ ಸಾರಿ ತತ್ತಿ ತುಂಬಬೇಕಾದರೆ ಸುಮಾರು 15 ವರುಷ ಬೇಕು, ಅದಕ್ಕಿಂತ ಹೆಚ್ಚೂ ಆಗಬಹುದು. ಆ ಮೇಲೆಯೂ ಪ್ರತಿವರುಷ ಇಡುವದಿಲ್ಲ. ಎರಡು ಮೂರು ವರುಷಗಳಿಗೊಮ್ಮೆ ಇಡುವದು. ಅಂಥ ತಾಯಿಯನ್ನು ಕೊಂದವನು ಒಂದು ಊಟಕ್ಕಾಗಿ ಎಷ್ಟನ್ನು ತೆಗೆದುಕೊಂಡನೆಂದು ನೀವೇ ಲೆಕ್ಕಮಾಡಿರಿ.

ಇದನ್ನು ತಿಳಿದ ಆ ದೇಶದವರು ತಮಗೆ ತಾವೇ ಕಟ್ಟುಗಳನ್ನು ಹಾಕಿಕೊಂಡಿದ್ದಾರೆ. ಮೊಂಟಾನಾ ಸಂಸ್ಥಾನದಲ್ಲಿ ವರುಷಕ್ಕೆ ಒಬ್ಬನಿಗೆ ಒಂದೇ ಚೀಟಿ, ಒಂದೇ ಮೀನು. ಯೆಲ್ಲೋಸ್ಟೋನ್ ಹೊಳೆಯ ಇಂಟೇಕ್ ಎಂಬ ಅಡ್ಡಕಟ್ಟೆಯ ಬಳಿಯಲ್ಲಿ, ಮೀನನ್ನು ಒಯ್ಯಲು ನೇಮಿಸಿದ ದಿನಗಳಲ್ಲಿ, ಸಿಕ್ಕಿದ್ದನ್ನು ಚಿಕ್ಕದೆಂದು ನೀರಿಗೆ ಎಸೆದು ದೊಡ್ಡದಕ್ಕಾಗಿ ಕಾಯುವ ಹಾಗಿಲ್ಲ. ಯಾಕಂದರೆ ಹಾಗೆ ಆರಿಸುತ್ತಾ ಹೋದರೆ ತತ್ತಿ ತುಂಬಿದ ದೊಡ್ಡ ಹೆಣ್ಣುಗಳೇ ಸಾಯುವವು. ನೇಮಿಸಿದ ಸಂಖ್ಯೆಯು ತುಂಬಿದರೆ ಆ ವರುಷದ ಬೇಟೆಯು ನಿಂತುಹೋಗುವದು. ಮಿಸೌರಿಯಲ್ಲಿ ಮೀನಿನ ಉದ್ದವನ್ನು ಕಣ್ಣಿನಿಂದ ಬಾಲದ ಕವಲಿನ ವರೆಗೆ ಅಳೆಯುತ್ತಾರೆ. ಮುಂದಕ್ಕೆ ಚಾಚಿದ ಮೂತಿಯು ಲೆಕ್ಕಕ್ಕೆ ಬಾರದು. (ಸಭೆಯಲ್ಲಿ ನಮ್ಮನ್ನೂ ಹೀಗೆ ಅಳೆದರೆ ಕೆಲವರು ಬಹಳ ಗಿಡ್ಡರಾಗುವೆವು.) ತಪ್ಪೆಲ್ಲಾ ಗಾಳದ್ದೇ ಎಂದು ನಾನು ಹೇಳುವದಿಲ್ಲ. ಅಲ್ಲಿಯ ಒಸೇಜ್ ಹೊಳೆಗೆ ಅಡ್ಡವಾಗಿ ಟ್ರೂಮನ್ ಅಣೆಕಟ್ಟು ಬಂದ ಮೇಲೆ ಮೀನುಗಳಿಗೆ ತತ್ತಿಯಿಡುವ ಸ್ಥಳವೇ ಇಲ್ಲದೆ ಹೋದದರಿಂದ, ಮರಿಗಳನ್ನು ಕೊಳಗಳಲ್ಲಿ ಸಾಕಿ ನೀರಿಗೆ ಬಿಡುತ್ತಾ ಬಂದಿದ್ದಾರೆ.

ಸಹೋದರಿಯರು ಅಡಿಗೆಯ ವಿಷಯವನ್ನು ಕೇಳುವರು. ಮೀನನ್ನು ತಡಮಾಡದೆ ಮಂಜುಗಡ್ಡೆಯಲ್ಲಿಡಬೇಕು. ಬೆನ್ನೆಲುಬಿನ ಬದಲಾಗಿ ಇದರ ಮೈಯಲ್ಲಿ ಹಗ್ಗದಂಥ ಮೆತ್ತಗಿನ ನಾರು ಇದೆ. ಬಾಲದ ಬುಡದಲ್ಲಿ ಸುತ್ತಲೂ ಕೊಯ್ದು, ಬಾಲವನ್ನು ತಿರುಚಿ ಎಳೆದರೆ ಅದು ಉದ್ದಕ್ಕೆ ಹೊರಗೆ ಬರುವದು. ಆ ಮೇಲೆ ದಪ್ಪ ಚರ್ಮವನ್ನು ಸುಲಿದರೆ ಬಿಳಿ ಮಾಂಸದ ಮೇಲೆ ಕೆಂಪು ಮಾಂಸದ ಪದರು ಕಾಣುವದು. ಅದನ್ನು ಪೂರಾ ಕೆತ್ತಿ ತೆಗೆಯಬೇಕು. ಸ್ವಲ್ಪ ಉಳಿದರೂ ಕೆಸರಿನ ವಾಸನೆಯು ಅಡಿಗೆಯನ್ನೆಲ್ಲಾ ಕೆಡಿಸುವದು. ಉಳಿದ ಬಿಳಿ ಮಾಂಸವು ಗಟ್ಟಿಯಾದದ್ದು, ಮುಳ್ಳಿಲ್ಲದ್ದು, ಮಕ್ಕಳಿಗೂ ಭಯವಿಲ್ಲದೆ ಕೊಡಬಹುದಾದದ್ದು. ಅದನ್ನು ತುಂಡುಮಾಡಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುತ್ತಾರೆ, ಕೆಂಡದ ಮೇಲೆ ಸುಡುತ್ತಾರೆ, ಹೊಗೆಯಲ್ಲಿಯೂ ಬೇಯಿಸುತ್ತಾರೆ. ಈ ಕೆಂಪು ಮಾಂಸವನ್ನು ಪಾಪಕ್ಕೆ ಹೋಲಿಸಿ ಪ್ರಸಂಗಮಾಡಬಹುದಾಗಿತ್ತು. ಎಲ್ಲವನ್ನೂ ಸಾಮ್ಯಮಾಡುವದು ನಮ್ಮಂಥ ಉಪದೇಶಿಗಳ ಚಾಳಿ, ಈ ಸಾರಿ ಬಿಟ್ಟುಬಿಡುತ್ತೇನೆ. ಪೊರೆಯಿಲ್ಲದ ಮೀನು ಯಾಜಕಕಾಂಡದ ಪ್ರಕಾರ ಅಶುದ್ಧವಲ್ಲವೇ ಎಂದು ಕೇಳುವವರು ಯೊಪ್ಪದಲ್ಲಿ ಮಾಳಿಗೆಯ ಮೇಲೆ ಪೇತ್ರನಿಗೆ ಉಂಟಾದ ದರ್ಶನವನ್ನು ಓದಿಕೊಳ್ಳಲಿ. ಮತ್ತೊಬ್ಬರ ಮನೆಯ ಮಡಕೆಯೊಳಗೆ ಇಣಿಕಿ ನೋಡಿ ಮೇಲು ಕೀಳು ಎನ್ನುವ ಹಳೇ ಅಭ್ಯಾಸಕ್ಕೆ ಅದರಲ್ಲಿಯೇ ಉತ್ತರವಿದೆ.

ಆದರೆ ಮಾಂಸಕ್ಕಿಂತ ದೊಡ್ಡ ಶೋಧನೆಯು ಈ ಮೀನಿನ ಹೊಟ್ಟೆಯಲ್ಲಿದೆ. ಅದರ ಕಪ್ಪು ತತ್ತಿಗಳಿಗೆ ಉಪ್ಪು ಬೆರಸಿ ಕ್ಯಾವಿಯಾರ್ ಎಂಬ ಭಕ್ಷ್ಯವನ್ನು ಮಾಡುತ್ತಾರೆ. ಐಶ್ವರ್ಯವಂತರು ಅದಕ್ಕೆ ಬಹಳ ಬೆಲೆ ಕೊಡುತ್ತಾರೆ. ಗಾಳದಿಂದ ಹಿಡಿದವನು ಆ ತತ್ತಿಗಳನ್ನು ಮಾರಬಾರದೆಂದು ಮಿಸೌರಿಯಲ್ಲಿ ಕಾನೂನಿದ್ದರೂ, ಒಸೇಜ್ ಹೊಳೆಯ ದಡದ ವಾರ್ಸಾ ಎಂಬ ಊರಿನಲ್ಲಿ ಗುಟ್ಟಾದ ವ್ಯಾಪಾರವು ನಡೆಯಿತು. ಅಧಿಕಾರಿಗಳು ವೇಷಮರೆಸಿಕೊಂಡು ಹೋಗಿ ಪತ್ತೆಮಾಡಿ, 2013ರಲ್ಲಿ ಅದನ್ನು ಪ್ರಕಟಿಸಿದಾಗ ನೂರಕ್ಕಿಂತ ಹೆಚ್ಚು ಮಂದಿ ಸಿಕ್ಕಿಬಿದ್ದಿದ್ದರು. ಇದಕ್ಕೆ ಬೇರೆಯಾದ ಮಾರ್ಗವನ್ನು ಮೊಂಟಾನಾದ ಗ್ಲೆನ್‌ಡೈವ್ ಊರಿನವರು 1990ರಲ್ಲಿ ಹಿಡಿದರು. ಹಿಡಿದವನ ಮೀನನ್ನು ಕೂಲಿಯಿಲ್ಲದೆ ಕೊಯ್ದು ಶುದ್ಧಮಾಡಿಕೊಡುವದು. ಅವನು ತತ್ತಿಯನ್ನು ದಾನವಾಗಿ ಬಿಡುವದು. ಅದನ್ನು ಮಾರಿ ಬಂದ ಹಣದಲ್ಲಿ ಒಂದು ಪಾಲು ಮೀನಿನ ಪರಿಶೋಧನೆಗೂ ಮತ್ತೊಂದು ಪಾಲು ಆ ಸೀಮೆಯ ಸಾರ್ವಜನಿಕ ಕೆಲಸಗಳಿಗೂ ಹೋಗುವದು. ಅಲ್ಲಿ ಹೊಳೆಯ ಪಾಲು ಒಬ್ಬನ ಚೀಲದಲ್ಲಿ ಅಡಗಿಹೋಗಲಿಲ್ಲ.

ಇದೇ ವಂಶದ ಮತ್ತೊಂದು ಮೀನು ಚೀನಾ ದೇಶದ ಯಾಂಗ್ಟ್ಸೀ ನದಿಯಲ್ಲಿತ್ತು. ಅದು ಮನುಷ್ಯನಿಗಿಂತ ಉದ್ದವಾಗಿ ಬೆಳೆಯುವಂಥದ್ದು. ಜನರು ಮಿತಿಯಿಲ್ಲದೆ ಹಿಡಿದರು. 1981ರಲ್ಲಿ ಗೆಝೌಬಾ ಅಣೆಕಟ್ಟು ನದಿಯನ್ನು ಅಡ್ಡಗಟ್ಟಿದಾಗ ತತ್ತಿಯಿಡುವ ಸ್ಥಳಕ್ಕೆ ಏರುವ ದಾರಿಯು ಮುಚ್ಚಿಹೋಯಿತು. ಜೀವಂತವಾದ ಮೀನು ಕಡೇ ಸಾರಿ ಕಂಡದ್ದು 2003ರಲ್ಲಿ. 2022ರಲ್ಲಿ ಅದು ಲೋಕದಿಂದ ಅಳಿದುಹೋಯಿತೆಂದು ಪ್ರಕಟಿಸಿದರು. ನನ್ನ ಮನಸ್ಸನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ: 1993ರೊಳಗೇ ಸಂತಾನವನ್ನು ಉಳಿಸಿಕೊಳ್ಳಲು ಸಾಕಾದಷ್ಟು ಮೀನುಗಳು ಇರಲಿಲ್ಲವೆಂದು ಪಂಡಿತರು ಲೆಕ್ಕಹಾಕಿದ್ದಾರೆ. ಹೀಗೆ ಹತ್ತು ವರುಷ ಕಾಲ ಆಗೊಂದು ಈಗೊಂದು ಕಾಣಿಸುತ್ತಿರುವಾಗಲೇ ಆ ವಂಶದ ಗತಿಯು ತೀರ್ಮಾನವಾಗಿತ್ತು. ಇನ್ನೂ ಸಿಕ್ಕುತ್ತದಲ್ಲಾ ಎಂಬ ಮಾತನ್ನು ನಾವು ಎಷ್ಟು ಸಾರಿ ಆಡಿದ್ದೇವೆ!

ನನ್ನದನ್ನೂ ಹೇಳಿಬಿಡುತ್ತೇನೆ. ನಾಲ್ಕು ವರುಷಗಳ ಹಿಂದೆ, ಮೊದಲ ಮಳೆಯ ಮರುದಿನ, ಸಭೆಯ ಒಂದು ಮನೆಯಲ್ಲಿ ನನಗೆ ಊಟವಿತ್ತು. ರಾತ್ರಿ ಹಳ್ಳಕ್ಕೆ ಹಾಕಿದ್ದ ಕೂಳಿಗೆ ಬಿದ್ದ ಮೀನುಗಳು ಎರಡು ಬುಟ್ಟಿಗಳಲ್ಲಿ ತುಂಬಿದ್ದವು. ಹೆಚ್ಚಿನವೆಲ್ಲಾ ತತ್ತಿಯಿಂದ ಹೊಟ್ಟೆ ಬಿರಿಯುವಂತಿದ್ದವು. ಮನೆಯ ಅಮ್ಮನವರು ತತ್ತಿಯನ್ನೇ ಬೇರೆಯಾಗಿ ಹುರಿದು ಪ್ರೀತಿಯಿಂದ ಬಡಿಸಿದರು. ನಾನು ಸ್ತೋತ್ರಮಾಡಿ ಎರಡು ಸಾರಿ ಹಾಕಿಸಿಕೊಂಡು ಉಂಡೆನು. ಮರುವರುಷ ಅದೇ ಹಳ್ಳದಲ್ಲಿ ಅರ್ಧ ಬುಟ್ಟಿ. ಅದರ ಮುಂದಿನ ವರುಷ ಕೂಳಿಯು ಬರಿದಾಗಿ ಬಂತು. ಮೇಲಿನ ತೋಟಕ್ಕೆ ಹೊಡೆಯುವ ಔಷಧಿಯಿಂದ ಹೀಗಾಯಿತೆಂದು ಊರವರು ಹೇಳಿದರು. ಅದೂ ಇರಬಹುದು. ಆದರೂ ಆ ದಿನ ನನ್ನ ಎಲೆಯ ಮೇಲೆ ಇದ್ದದ್ದೇನೆಂದು ನಾನು ಬಲ್ಲೆನು.

ನಾವು ಬಡವರು, ಈ ಉಪದೇಶವನ್ನು ಅಣೆಕಟ್ಟು ಕಟ್ಟುವವರಿಗೆ ಮಾಡಿರಿ ಎಂದು ನೀವು ಹೇಳಬಹುದು. ಅದು ನ್ಯಾಯವಾದ ಮಾತು, ಅವರಿಗೂ ಹೇಳತಕ್ಕದ್ದೇ. ಆದರೆ ಮೋಶೆಯು ಆ ಆಜ್ಞೆಯನ್ನು ಕೊಟ್ಟದ್ದು ದಾರಿಯಲ್ಲಿ ನಡೆದುಹೋಗುವವನಿಗೆ. ಗೂಡಿಗೆ ಕೈಹಾಕಿ ಹಸಿವನ್ನು ತೀರಿಸಿಕೊಳ್ಳುವವನು ಐಶ್ವರ್ಯವಂತನಲ್ಲ. ಅವನನ್ನು ದೇವರು ಹಸಿದು ಹೋಗೆಂದು ಕಳುಹಿಸಲಿಲ್ಲ, ಕೈಯಲ್ಲಿ ಆಹಾರವನ್ನು ಕೊಟ್ಟೇ ಕಳುಹಿಸಿದನು. ಮೀನಿನ ವಿಷಯದಲ್ಲಿ ಕಷ್ಟವೇನಂದರೆ, ತತ್ತಿಯನ್ನು ತೆಗೆದುಕೊಂಡು ತಾಯಿಯನ್ನು ಬಿಡಲಾಗದು. ಎರಡೂ ಒಂದೇ ಮೈಯಲ್ಲಿವೆ. ಆದಕಾರಣ ನಮಗೆ ಉಳಿದದ್ದು ದಿನವನ್ನು ಬಿಡುವದು, ಅಥವಾ ದಾರಿಯನ್ನು ಬಿಡುವದು.

ತಿಬೇರಿಯ ಸಮುದ್ರದ ದಡದಲ್ಲಿ ಶಿಷ್ಯರು ದೋಣಿಯಿಂದ ಇಳಿಯುವಷ್ಟರಲ್ಲಿ ಕರ್ತನ ಕೆಂಡದ ಮೇಲೆ ಮೀನು ಆಗಲೇ ಬೇಯುತ್ತಿತ್ತು. ಆದರೂ ಆತನು ಅವರು ಹಿಡಿದವುಗಳಲ್ಲಿ ಕೆಲವನ್ನು ತರಹೇಳಿದನು, ಎಲ್ಲವನ್ನೂ ಕೇಳಲಿಲ್ಲ. ಅವರು ಎಣಿಸಿದರು, 153 ಇದ್ದವು. ರಾತ್ರಿಯೆಲ್ಲಾ ಬರಿಗೈಯಲ್ಲಿ ದುಡಿದು ಹಸಿದಿದ್ದವರು ಅಷ್ಟು ತಾಳ್ಮೆಯಿಂದ ಎಣಿಸಿದ್ದು ನನಗೆ ಈಗ ಆಶ್ಚರ್ಯವಾಗಿ ತೋರುತ್ತದೆ.

ಹೋದ ತಿಂಗಳು ನಾನು ಆ ಅಮ್ಮನವರ ಮನೆಗೆ ಹೋಗಿ ಇದನ್ನೆಲ್ಲಾ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯನವರೇ, ಆ ದಿನ ನೀವು ಇದನ್ನು ಹೇಳಲಿಲ್ಲವಲ್ಲಾ” ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮಗನು ಮಾತ್ರ, ಈ ವರುಷ ಮೊದಲ ಮಳೆಯ ಮೂರು ರಾತ್ರಿ ಕೂಳಿ ಹಾಕುವದಿಲ್ಲ, ಆ ಮೇಲೆಯೂ ಹಳ್ಳದ ಒಂದು ಮಗ್ಗುಲನ್ನು ತೆರೆದಿಡುತ್ತೇನೆಂದು ಒಪ್ಪಿಕೊಂಡಿದ್ದಾನೆ. ಕೆಳಗಿನ ಕೇರಿಯವರ ಸಂಗಡ ಇನ್ನೂ ಮಾತಾಡಬೇಕಾಗಿದೆ. ಬರುವ ಆದಿತ್ಯವಾರ ಆರಾಧನೆಯಾದ ಮೇಲೆ ಸಭೆಯ ಹಿರಿಯರೂ ನಾನೂ ಅಲ್ಲಿಗೆ ಹೋಗುವೆವು.