ಇಂದಿನ ಧಮ್ಮ ಚಿಂತನೆ: ಮನಸ್ಸಿನ ನೋವನ್ನು ಹೇಳಗೊಡೋಣ



ಧಮ್ಮ ಬಂಧುಗಳೇ, ಗಂಡ, ಮಕ್ಕಳು, ತಂದೆತಾಯಿ ಎಲ್ಲರನ್ನೂ ಕಳೆದುಕೊಂಡ ಪಟಾಚಾರಾ ಚಿತ್ತ ಕಲಕಿ ಬೀದಿಯಲ್ಲಿ ಅಲೆಯುತ್ತಿದ್ದಳು. ಜನ ಅವಳನ್ನು ಹುಚ್ಚಿ ಎಂದು ಅಟ್ಟಿದರು. ಭಗವಾನ್ ಬುದ್ಧರು ಹತ್ತಿರ ಬರಗೊಟ್ಟರು, ಅವಳ ದುಃಖವನ್ನು ಪೂರ್ತಿ ಕೇಳಿದರು. ಅವಳೇ ಮುಂದೆ ವಿನಯದಲ್ಲಿ ಅಗ್ರಳೆನಿಸಿದ ಭಿಕ್ಖುಣಿಯಾದಳು.

ಇಂದು ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಹೈಸ್ಕೂಲಿಗೆ ಹೋಗುವ ಮಗು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಗೆಳೆಯರಿಂದ ದೂರವಾದರೆ ಕೆಲವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ದೀಕ್ಷೆ ಪಡೆದ ನಾವು ತಾಯತ ಬಿಟ್ಟಿದ್ದೇವೆ, ಸರಿ. ಆದರೆ "ಬಾಬಾಸಾಹೇಬರು ಗೋಣಿತಟ್ಟಿನ ಮೇಲೆ ಕೂತು ಓದಿದರು, ನಿನಗೇನು ಧಾಡಿ?" ಎಂದು ಗದರುತ್ತೇವೆ. ಮಗು ಬಾಯಿ ಮುಚ್ಚುತ್ತದೆ. ಪರೀಕ್ಷೆಯ ಭಯ, ಮನೆಯ ಸಾಲದ ಚಿಂತೆ, ಜಾತಿ ಹಿಡಿದು ಯಾರೋ ಆಡಿದ ಮಾತು ಎಲ್ಲವೂ ಒಳಗೇ ಉಳಿಯುತ್ತವೆ.

ಬಾಬಾಸಾಹೇಬರು ಆ ನೋವನ್ನು ನುಂಗಿಕೊಂಡು ಸುಮ್ಮನಿದ್ದವರಲ್ಲ. ಶಾಲೆಯ ಗೋಣಿತಟ್ಟು, 1901ರಲ್ಲಿ ತಂದೆಯನ್ನು ಕಾಣಲು ಕೋರೆಗಾಂವ್‌ಗೆ ಹೊರಟಾಗ ಕುಡಿಯುವ ನೀರು ಸಿಗದೆ ಕಳೆದ ರಾತ್ರಿ, ಎಲ್ಲವನ್ನೂ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟರು. ಅವರ ಹೆಸರು ಹೇಳಿ ಮಗುವಿನ ಬಾಯಿ ಮುಚ್ಚಿಸುವುದು ಅವರಿಗೆ ತೋರುವ ಗೌರವವಲ್ಲ. ನೋವನ್ನು ಹೇಳಿಕೊಳ್ಳುವುದು ಹೇಡಿತನವೂ ಅಲ್ಲ. ಮೈಗೆ ಜ್ವರ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ. ಅದಕ್ಕೂ ಚಿಕಿತ್ಸೆ ಇದೆ. ಅದು ಪೂರ್ವಜನ್ಮದ ಪಾಪವಲ್ಲ.

ಇದನ್ನು ಮಕ್ಕಳಿಗೆ ಶಾಲೆಯಲ್ಲೇ ಕಲಿಸಬೇಕು. ಶಿಷ್ಯನಿಗೆ ಎಲ್ಲ ದಿಕ್ಕುಗಳಲ್ಲೂ ರಕ್ಷಣೆ ಕೊಡುವುದು ಗುರುವಿನ ಕರ್ತವ್ಯ ಎಂದು ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಹೇಳಿದ್ದಾರೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕರಿರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಆಗಬೇಕು, ಸಹಾಯವಾಣಿ ಸಂಖ್ಯೆ ಎದ್ದುಕಾಣುವಂತೆ ಹಾಕಬೇಕು ಎಂದಿದೆ. ಆ ಸಂಖ್ಯೆ ಟೆಲಿ ಮಾನಸ್ 14416. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಸಾಮ್ರಾಟ ಅಶೋಕ ಜೀವಿಗಳಲ್ಲಿ ದಯೆ ಇರಲಿ ಎಂದು ಬಂಡೆಯ ಮೇಲೆ ಬರೆಸಿದ. ರಾಂಪುರದ ನಮ್ಮ ಶಾಲೆಗಳ ಗೋಡೆಯ ಮೇಲೆ ಐದು ಅಂಕಿ ಬರೆಸುವುದು ನಮಗೆ ಕಷ್ಟವೇ? ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳೋಣ.

ಇಂದಿನ ಅಭ್ಯಾಸ: ಸಂಜೆ ಮಗುವಿನ ಪಕ್ಕ ಕೂತು, "ಮನಸ್ಸು ಹೇಗಿದೆ?" ಎಂದು ಕೇಳಿ. ಉಪದೇಶ ಬೇಡ, ಪೂರ್ತಿ ಕೇಳಿಸಿಕೊಳ್ಳಿ. ಬದುಕೇ ಬೇಡ ಎಂಬ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಕರೆ ಮಾಡಿ, ವೈದ್ಯರ ಬಳಿ ಕರೆದೊಯ್ಯಿರಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.