ಮೊದಲ ಸಾಲು ಬಿಟ್ಟು ಹಾಡಬೇಡಿ

ಯೌವನಸ್ಥರ ಸಂಯುಕ್ತ ಕೂಟದ ಸಂದೇಶ, ಸಿಂಧನೂರು
ಓದುವ ಭಾಗ: ಮಾರ್ಕ 10:35–52, ಮಾರ್ಕ 14:32–36

 

ಲಿಂಗಸುಗೂರಿನಿಂದ, ಮಸ್ಕಿಯಿಂದ ಬೆಳಗ್ಗೆ ಬಸ್ ಹಿಡಿದು ಬಂದವರಿದ್ದೀರಿ. ಬೆಂಗಳೂರಿನಿಂದ, ಹೈದರಾಬಾದಿನಿಂದ ರಜೆಗೆ ಊರಿಗೆ ಬಂದವರೂ ಇದ್ದೀರಿ. ದೇವರು ನಿಮ್ಮನ್ನು ಆಶೀರ್ವದಿಸಲಿ. ಬೈಬಲ್ ತೆರೆಯಿರಿ. ಫೋನಿನಲ್ಲಿ ಇದ್ರೆ ಫೋನೇ ತೆರೆಯಿರಿ, ಆದರೆ ನೋಟಿಫಿಕೇಶನ್ ಬಂದ್ ಮಾಡ್ರಿ. ಮಾರ್ಕನ ಸುವಾರ್ತೆ 10ನೇ ಅಧ್ಯಾಯ.

ಇವತ್ತು ನಾನು ನಾಟಕದ ಹಾಡುಗಳಿಂದ ಶುರು ಮಾಡ್ತೀನಿ. ಕೆಲವು ಹಿರಿಯರು ಹುಬ್ಬು ಏರಿಸ್ತಿದ್ದಾರೆ, ಇಲ್ಲಿಂದಲೇ ಕಾಣ್ತದೆ. "ಪಾಸ್ಟರ್, ಅದು ಲೋಕದ್ದು, ಪುಲ್ಪಿಟ್‌ಗೆ ಯಾಕೆ ತಂದ್ರಿ?" ಸ್ವಲ್ಪ ತಾಳ್ರಿ. ನಮ್ಮ ಸ್ವಾಮಿ ಬಿತ್ತುವವನ ಕಥೆ ಹೇಳಿದರು, ಮೀನಿನ ಬಲೆಯ ಕಥೆ ಹೇಳಿದರು, ಹುಳಿಹಿಟ್ಟಿನ ಕಥೆ ಹೇಳಿದರು. ಜನರಿಗೆ ಗೊತ್ತಿದ್ದ ಸಂಗತಿಯಿಂದಲೇ ಪರಲೋಕ ರಾಜ್ಯದ ಮಾತಿಗೆ ಬಂದರು. ನಮ್ಮ ಭಾಗದವರಿಗೆ ಜಾತ್ರೆ ಗೊತ್ತು, ಕಂಪನಿ ನಾಟಕ ಗೊತ್ತು.

"ಬೇಕು" ಅನ್ನುವ ಹಾಡು

ನಾನು ಹುಟ್ಟಿದ್ದು ಮಸ್ಕಿ ಕಡೆಯ ಹಳ್ಳಿಯಲ್ಲಿ. ವಿಶ್ವಾಸಕ್ಕೆ ಬರುವ ಮುಂಚೆ ಜಾತ್ರೆಗೆ ಹೋದರೆ ನಾಟಕದ ಟೆಂಟಿನಲ್ಲೇ ರಾತ್ರಿ ಕಳೆಯುತ್ತಿತ್ತು. ಪಕ್ಕದಲ್ಲಿ ಹಾರ್ಮೋನಿಯಂ ಮಾಸ್ತರ್. ಒಂದು ಪಾತ್ರ ಮುಂದೆ ಬಂದು ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿತ್ತು, ಹಾಡು ಏಳುತ್ತಿತ್ತು. ಆ ಹಾಡಿನಲ್ಲಿ ಆ ಪಾತ್ರ ತನ್ನ ಮನಸ್ಸಿನ ತಳದಲ್ಲಿ ಇರೋದನ್ನ ಹೇಳುತ್ತಿತ್ತು: ನನಗೆ ಇದು ಬೇಕು. ಮಾತಿನಲ್ಲಿ ಹೇಳೋಕೆ ನಾಚಿಕೆ ಆಗುವಂಥದ್ದು ಹಾಡಿನಲ್ಲಿ ಹೊರಗೆ ಬರುತ್ತಿತ್ತು.

ನಮ್ಮ ಕನ್ನಡ ರಂಗಭೂಮಿಗೆ ಇದು ಹಳೆಯ ಸಂಪತ್ತು. ಗುಬ್ಬಿ ಕಂಪನಿ 1884ರಲ್ಲಿ ಶುರುವಾದದ್ದು. ನಮ್ಮ ಉತ್ತರ ಕರ್ನಾಟಕದ ಏಣಗಿ ಬಾಳಪ್ಪನವರು ನೂರು ವರ್ಷ ದಾಟಿ ಬದುಕಿದ ನಟ, ಗಾಯಕ. ಹಿಂದಿನ ಕಾಲದಲ್ಲಿ ಮೈಕ್ ಇರಲಿಲ್ಲ. ಪ್ಲೇಬ್ಯಾಕ್ ಅಂತೂ ಇರಲೇ ಇಲ್ಲ. ಪಾತ್ರದ ಆಸೆಯನ್ನ ನಟ ತನ್ನದೇ ಗಂಟಲಿನಲ್ಲಿ, ಕೊನೆಯ ಸಾಲಿನಲ್ಲಿ ಕೂತವನಿಗೆ ಕೇಳುವಂತೆ ಹಾಡಬೇಕು. ಎದೆ ಮುಟ್ಟಿದರೆ ಜನ "ಒನ್ಸ್ ಮೋರ್" ಅಂತ ಕೂಗುತ್ತಿದ್ದರು. ಸತ್ತು ಬಿದ್ದ ಪಾತ್ರ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಅಂತ ಹಿರಿಯರು ನಗುತ್ತಾ ಹೇಳ್ತಾರೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಒಬ್ಬ ತಮ್ಮ ನನಗೆ ಹೇಳಿದ, "ಪಾಸ್ಟರ್, ಅಮೆರಿಕದ ಬ್ರಾಡ್‌ವೇ ನಾಟಕಗಳಲ್ಲೂ ಇದೇ ಅದ. ಅದಕ್ಕೆ ಐ ವಾಂಟ್ ಸಾಂಗ್ ಅಂತಾರ." ನಾಟಕ ಶುರುವಾದ ಸ್ವಲ್ಪ ಹೊತ್ತಿಗೇ ಮುಖ್ಯ ಪಾತ್ರ ತನಗೆ ಏನು ಬೇಕು ಅಂತ ಹಾಡಿಬಿಡ್ತದೆ. ಆಮೇಲಿನ ಕಥೆಯೆಲ್ಲ ಆ ಒಂದು ಹಾಡಿನ ಮೇಲೆ ನಿಂತಿರ್ತದೆ. 1964ರಲ್ಲಿ ಬಂದ 'ಫಿಡ್ಲರ್ ಆನ್ ದ ರೂಫ್' ಅನ್ನುವ ನಾಟಕದಲ್ಲಿ ತೆವ್ಯಾ ಅಂತ ಒಬ್ಬ ಬಡ ಯೆಹೂದ್ಯ, ಹಾಲು ಮಾರುವವನು. ಅವನು ದೇವರ ಮುಂದೆಯೇ ನಿಂತು, ನಾನು ಶ್ರೀಮಂತ ಆಗಿದ್ದರೆ ಅಂತ ಹಾಡ್ತಾನೆ. ದೊಡ್ಡ ಮನೆಯಿಂದ ಶುರು ಮಾಡ್ತಾನೆ. ಹಾಡ್ತಾ ಹಾಡ್ತಾ ಕೆಳಗೆ ಇಳೀತಾನೆ. ಕೊನೆಗೆ ಅವನಿಗೆ ಬೇಕಾದದ್ದು ಏನು ಅಂದ್ರೆ, ಸಭಾಮಂದಿರದಲ್ಲಿ ಕೂತು ಪ್ರಾರ್ಥನೆ ಮಾಡೋಕೆ ಸ್ವಲ್ಪ ಪುರುಸೊತ್ತು! ದುಡ್ಡಿನ ಆಸೆಯ ಕೆಳಗೆ ಇನ್ನೊಂದು ಆಸೆ ಇತ್ತು. ಹಾಡದೇ ಇದ್ದಿದ್ದರೆ ಅದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗ್ತದೆ.

1. ಕರ್ತನು ಕೇಳುವ ಪ್ರಶ್ನೆ

ಈಗ ವಾಕ್ಯಕ್ಕೆ ಬನ್ನಿ. ಈ ಅಧ್ಯಾಯದಲ್ಲಿ ಯೇಸು ಒಂದೇ ಪ್ರಶ್ನೆಯನ್ನ ಎರಡು ಸಲ ಕೇಳ್ತಾರೆ. 36ನೇ ವಚನ ನೋಡಿ, ಆಮೇಲೆ 51ನೇ ವಚನ ನೋಡಿ. ನಾನು ನಿಮಗೆ ಏನು ಮಾಡಬೇಕು, ನಿಮಗೆ ಏನು ಬೇಕು? ಪಕ್ಕದವರಿಗೆ ಹೇಳಿ, "ಕರ್ತನು ನಿನ್ನನ್ನೇ ಕೇಳ್ತಿದ್ದಾನೆ."

ಮೊದಲು ಕೇಳಿದ್ದು ಯಾರಿಗೆ? ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರಿಗೆ. ಅವರು ಖಾಲಿ ಚೆಕ್ ಹಿಡಿದು ಬಂದಿದ್ದರು. ನಾವು ಏನು ಕೇಳಿದರೂ ನೀನು ಮಾಡಬೇಕು, ಮೊದಲು ಸಹಿ ಹಾಕು ಅನ್ನುವ ಹಾಗೆ! ಅವರಿಗೆ ಬೇಕಾಗಿದ್ದದ್ದು ಸೀಟು, ಬಲಗಡೆ ಒಂದು, ಎಡಗಡೆ ಒಂದು. ಯೇಸು ಅವರನ್ನ ಬೈದು ಕಳಿಸಲಿಲ್ಲ. ನೀವು ಏನು ಕೇಳ್ತಿದ್ದೀರಿ ಅಂತ ನಿಮಗೆ ತಿಳಿಯದು ಅಂದರು. ನಾನು ಕುಡಿಯುವ ಪಾತ್ರೆಯಲ್ಲಿ ನೀವು ಕುಡಿಯಬಲ್ಲಿರಾ ಅಂತ ಕೇಳಿದರು. ಆ ಪಾತ್ರೆಯನ್ನೂ ನೆನಪಿಟ್ಟುಕೊಳ್ಳಿ.

ಎರಡನೇ ಸಲ ಕೇಳಿದ್ದು ಬಾರ್ತಿಮಾಯನಿಗೆ. ಕುರುಡ, ಭಿಕ್ಷುಕ, ಯೆರಿಕೋ ಊರಿನ ದಾರಿ ಪಕ್ಕದಲ್ಲಿ ಕೂತವನು. ಕೂಗಿದ. ಜನ ಏನು ಮಾಡಿದರು? ಸುಮ್ಮನಿರು ಅಂತ ಗದರಿಸಿದರು. ಅವನು ಇನ್ನೂ ಜೋರಾಗಿ ಕೂಗಿದ. ಹಲ್ಲೆಲೂಯ! ಆ ಗದರಿಸಿದವರು ವೈರಿಗಳಲ್ಲ, ಯೇಸುವಿನ ಜೊತೆಗೆ ನಡೆಯುತ್ತಿದ್ದ ಜನ. ಇದು ನಮಗೆ ಚುಚ್ಚಬೇಕು. ಸಭೆಯಲ್ಲಿ ಒಬ್ಬ ಹುಡುಗಿ ಅತ್ತರೆ, "ವಿಶ್ವಾಸ ಇಲ್ವಾ ನಿನಗೆ?" ಅಂತ ನಾವೇ ಬಾಯಿ ಮುಚ್ಚಿಸ್ತೀವಿ.

ಬಾರ್ತಿಮಾಯ ಚಿಲ್ಲರೆ ಕಾಸು ಕೇಳಬಹುದಿತ್ತು. ಅದೇ ಅವನಿಗೆ ರೂಢಿ. ಆದರೆ ಆ ದಿನ ಅವನು ರೂಢಿಯ ಬೇಡಿಕೆ ಬಿಟ್ಟು ನಿಜವಾದ ಬೇಡಿಕೆ ಹೇಳಿದ: ನನಗೆ ಕಣ್ಣು ಬೇಕು. ತಮ್ಮಾ, ತಂಗೀ, ನೀವು ಪ್ರತಿ ಭಾನುವಾರ ಚಿಲ್ಲರೆ ಕೇಳಿ ಮನೆಗೆ ಹೋಗ್ತೀರಾ? "ಎಕ್ಸಾಮ್‌ಗೆ ಸಹಾಯ ಮಾಡು, ಇಂಟರ್ವ್ಯೂಗೆ ಸಹಾಯ ಮಾಡು, ಆಮೆನ್." ಒಳಗಿನ ಕುರುಡುತನ, ಒಳಗಿನ ಗಾಯ ಒಳಗೇ ಇರ್ತದೆ.

2. ಬಾಳ್ಯಾನ ಮುಂದೆ ಹಾಡಬೇಡಿ

ಆಸೆ ಹೇಳಿಕೊಂಡರೆ ಸಾಕಾಗಲ್ಲ, ಯಾರ ಮುಂದೆ ಹೇಳ್ತೀವಿ ಅನ್ನೋದೂ ಮುಖ್ಯ. ಬೈಲಹೊಂಗಲದ ಕಡೆಯ 'ಸಂಗ್ಯಾ ಬಾಳ್ಯಾ' ಸಣ್ಣಾಟದ ಕಥೆ ನಿಮ್ಮ ಅಜ್ಜ ಅಜ್ಜಿಗೆ ಗೊತ್ತು. ಸಂಗ್ಯಾ ಇನ್ನೊಬ್ಬನ ಹೆಂಡತಿ ಗಂಗಾಳನ್ನ ನೋಡಿ ಮನಸ್ಸು ಇಟ್ಟ. ಆ ಆಸೆಯನ್ನ ಗೆಳೆಯ ಬಾಳ್ಯಾನ ಮುಂದೆ ಹೇಳಿಕೊಂಡ. ಗೆಳೆಯ ಅದನ್ನ ತಿದ್ದಲಿಲ್ಲ, ದಾರಿ ಹುಡುಕಿಕೊಟ್ಟ. ಕೊನೆಗೆ ಅದೇ ಗೆಳೆಯ ಮೋಸ ಮಾಡಿದ, ಸಂಗ್ಯಾ ಕೊಲೆಯಾದ.

ಇವತ್ತು ನಮ್ಮ ಬಾಳ್ಯಾ ಎಲ್ಲಿದ್ದಾನೆ? ಕಿಸೆಯಲ್ಲಿದ್ದಾನೆ! ರಾತ್ರಿ ಹನ್ನೆರಡಕ್ಕೆ ಫೋನಿನಲ್ಲಿ ಒಂದು ಸಲ ಹುಡುಕಿದರೆ ಸಾಕು, ಅದೇ ಆಸೆಯನ್ನ ನೂರು ಸಲ ತಂದು ತಂದು ತೋರಿಸ್ತಾನೆ. ಅವನು ನಿಮ್ಮ ಆಸೆ ಕೇಳ್ತಾನೆ, ಆದರೆ ನಿಮ್ಮನ್ನ ಪ್ರೀತಿಸಲ್ಲ. ಕರ್ತನ ಮುಂದೆ ತಪ್ಪು ಆಸೆ ತಂದರೂ ಆತನು ಅದನ್ನ ತಿದ್ದಬಲ್ಲ. ಯಾಕೋಬ ಯೋಹಾನರ ಸೀಟಿನ ಆಸೆಯನ್ನ ಆತನು ತಿದ್ದಲಿಲ್ಲವಾ? ಅದೇ ಯಾಕೋಬ ಮುಂದೆ ಕರ್ತನಿಗಾಗಿ ಕತ್ತಿಗೆ ಕೊರಳು ಕೊಟ್ಟ, ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ. ಸ್ವಚ್ಛ ಮಾಡಿಕೊಂಡು ಆಮೇಲೆ ಪ್ರಾರ್ಥನೆಗೆ ತರ್ತೀನಿ ಅನ್ನಬೇಡಿ. ಹೊಲಸು ಇದ್ದ ಹಾಗೇ ತನ್ನಿ.

3. ಎರಡನೇ ಸಾಲಿನ ಹಿಂದೆ ಬಚ್ಚಿಟ್ಟುಕೊಳ್ಳಬೇಡಿ

ಈಗ ನನ್ನ ಸಾಕ್ಷಿ. ಇದನ್ನ ಹೇಳೋಕೆ ನನ್ನ ಹೆಂಡತಿಯ ಅನುಮತಿ ತಗೊಂಡಿದ್ದೀನಿ.

ನಮಗೆ ಮದುವೆಯಾಗಿ ಒಂಬತ್ತು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ನಾನು ಆರಾಧನೆ ನಡೆಸುತ್ತಿದ್ದೆ, ಕೈ ಎತ್ತಿ, ಕಣ್ಣು ಮುಚ್ಚಿ, ನೀನೇ ಸಾಕು ಸ್ವಾಮಿ ಅಂತ. ಆರಾಧನೆ ಮುಗಿದ ಮೇಲೆ ಯಾರಾದರೂ ನನ್ನ ಹೆಂಡತಿಯ ಹೊಟ್ಟೆ ಕಡೆ ನೋಡಿ "ಏನಾದ್ರೂ ವಿಶೇಷ ಅದ ಏನು?" ಅಂತ ಕೇಳುತ್ತಿದ್ದರು. ಮಕ್ಕಳ ಪ್ರತಿಷ್ಠೆ ಇರುವ ಭಾನುವಾರ ಅವಳಿಗೆ ತಲೆನೋವು ಬರುತ್ತಿತ್ತು. ಮನೆಯಲ್ಲಿ ರಾತ್ರಿ ನಾನು ಪ್ರಾರ್ಥನೆ ಮಾಡುತ್ತಿದ್ದೆ: ಕರ್ತನೇ, ನಿನ್ನ ಚಿತ್ತದಂತೆ ಆಗಲಿ. ಆಮೆನ್. ಮಲಗುತ್ತಿದ್ದೆ.

ಒಂದು ರಾತ್ರಿ ಅವಳು ಕೇಳಿದಳು, "ನಮಗೆ ಮಗು ಬೇಕು ಅಂತ ನೀವು ಒಂದು ಸಲನಾದ್ರೂ ದೇವರಿಗೆ ಕೇಳೀರೇನು? ನಿಮ್ಮ ಬಾಯಿಂದ ನಾ ಅದನ್ನ ಕೇಳೇ ಇಲ್ಲ."

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳು ಹೇಳಿದ್ದು ನಿಜ ಆಗಿದ್ದಕ್ಕೆ. ಕೇಳಿದ ಮೇಲೆ ದೇವರು ಕೊಡದೇ ಇದ್ದರೆ? ಆಗ ನನ್ನ ವಿಶ್ವಾಸದ ಗತಿ ಏನು, ಈ ಪುಲ್ಪಿಟ್‌ನ ಗತಿ ಏನು? ಆ ಭಯಕ್ಕೆ ನಾನು ಕೇಳಲೇ ಇಲ್ಲ. ನಿನ್ನ ಚಿತ್ತ ಅನ್ನೋದು ನನಗೆ ಸಮರ್ಪಣೆ ಆಗಿರಲಿಲ್ಲ, ಅಡಗಿಕೊಳ್ಳುವ ಜಾಗ ಆಗಿತ್ತು. ನಾನು ಪ್ಲೇಬ್ಯಾಕ್‌ಗೆ ತುಟಿ ಆಡಿಸುತ್ತಿದ್ದೆ.

ಮಾರ್ಕ 14:36 ತೆರೆಯಿರಿ. ಗೆತ್ಸೇಮನೆಯಲ್ಲಿ ಯೇಸುವಿನ ಪ್ರಾರ್ಥನೆಗೆ ಎರಡು ಸಾಲು ಅದ. ಎರಡನೇ ಸಾಲು ನಮಗೆಲ್ಲ ಬಾಯಿಪಾಠ: ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ. ಅದಕ್ಕಿಂತ ಮುಂಚಿನ ಸಾಲು ಯಾವುದು? ಅಪ್ಪಾ, ಈ ಪಾತ್ರೆಯನ್ನ ನನ್ನಿಂದ ತೆಗೆದುಬಿಡು. ಯಾಕೋಬ ಯೋಹಾನರು ಕುಡಿಯಬಲ್ಲೆವು ಅಂತ ಸುಲಭವಾಗಿ ಹೇಳಿದ ಅದೇ ಪಾತ್ರೆ! ದೇವಕುಮಾರನೇ ಮೊದಲ ಸಾಲು ಬಿಡಲಿಲ್ಲ. ತನಗೆ ಏನು ಬೇಕು, ಏನು ಬೇಡ ಅಂತ ತಂದೆಗೆ ಹೇಳಿದ ಮೇಲೆಯೇ ಎರಡನೇ ಸಾಲಿಗೆ ಬಂದನು. ಮೊದಲ ಸಾಲು ಇಲ್ಲದ ಎರಡನೇ ಸಾಲಿನಲ್ಲಿ ಏನನ್ನ ಒಪ್ಪಿಸ್ತೀರಿ? ಕೈಯಲ್ಲಿ ಏನೂ ತರದೇ ಕಾಣಿಕೆ ಹಾಕಿದ ಹಾಗೆ.

ಮರುದಿನ ಸಂಜೆ ನಾನು ಕಾಲುವೆ ದಂಡೆಗೆ ಹೋದೆ. ನಮ್ಮ ಸಿಂಧನೂರಿನ ಭತ್ತದ ಗದ್ದೆಗಳಿಗೆ ನೀರು ತರುವ ತುಂಗಭದ್ರಾ ಎಡದಂಡೆ ಕಾಲುವೆ. ಯಾರೂ ಇರಲಿಲ್ಲ. ಬೈಬಲಿನ ಕನ್ನಡ ಬಾಯಿಗೆ ಬರಲಿಲ್ಲ. ನಮ್ಮ ಹಳ್ಳಿ ಮಾತಿನಲ್ಲೇ ಕೂಗಿದೆ, "ಅಪ್ಪಾ, ನನಗ ಮಗು ಬೇಕು. ನನ್ನ ಹೆಂಡ್ತಿ ಅಳೋದು ನನ್ನ ಕೈಲಿ ನೋಡಾಕ ಆಗವಲ್ದು." ಗಂಟಲು ಕಟ್ಟೋವರೆಗೂ ಅದೊಂದನ್ನೇ ಹೇಳಿದೆ. ಪರಲೋಕದಿಂದ ಶಬ್ದ ಬರಲಿಲ್ಲ. ಮನೆಗೆ ಬಂದು ಅವಳಿಗೆ ಹೇಳಿದೆ. ಆ ರಾತ್ರಿ ನಾವಿಬ್ಬರೂ ಮೊದಲ ಸಲ ನಿಜವಾಗಿ ಸೇರಿ ಪ್ರಾರ್ಥನೆ ಮಾಡಿದೆವು.

ಈಗ ನೀವು ಜೋರಾಗಿ ಆಮೆನ್ ಅನ್ನೋಕೆ ಕಾಯ್ತಿದ್ದೀರಿ, ಮಗು ಹುಟ್ಟಿತು ಅಂತ ಹೇಳಲಿ ಅಂತ. ಇವತ್ತಿಗೂ ನಮಗೆ ಮಗು ಇಲ್ಲ. ಇವತ್ತಿಗೂ ಕೇಳ್ತಿದ್ದೀವಿ. ನಮ್ಮ ದೇವರು ಅದ್ಭುತ ಮಾಡುವ ದೇವರು, ಅದನ್ನ ನಾನು ಸಾಯೋವರೆಗೂ ಸಾರ್ತೀನಿ. ಹನ್ನಳಿಗೆ ಸಮುವೇಲನನ್ನ ಕೊಟ್ಟನು. ಪೌಲನು ಮೂರು ಸಲ ಬೇಡಿದರೂ ಮುಳ್ಳು ತೆಗೆಯಲಿಲ್ಲ, ಕೃಪೆ ಕೊಟ್ಟನು. ಇಬ್ಬರೂ ಕೇಳಿದರು. ಇಬ್ಬರಿಗೂ ಉತ್ತರ ಬಂತು.

ನನಗೆ ಬಂದ ಉತ್ತರ ಏನು? ಮಸ್ಕಿಯವರೇ, ನಿಮ್ಮ ಊರಿನ ಬಂಡೆಯ ಶಾಸನ ಗೊತ್ತಲ್ಲ? 1915ರಲ್ಲಿ ಅದನ್ನ ಕಂಡವನು ಬಂಗಾರದ ಗಣಿಯ ಇಂಜಿನಿಯರ್. ಅದಕ್ಕೂ ಮುಂಚೆ ಬೇರೆ ಬೇರೆ ಕಡೆ ದೇವಾನಾಂಪ್ರಿಯ ಅನ್ನುವ ಬಿರುದು ಸಿಕ್ಕಿತ್ತು, ಆ ರಾಜ ಯಾರು ಅಂತ ಖಚಿತ ಇರಲಿಲ್ಲ. ಮಸ್ಕಿಯ ಕಲ್ಲಿನಲ್ಲಿ ಅಶೋಕ ಅನ್ನುವ ಹೆಸರು ಸಿಕ್ಕಿತು. ಬಂಗಾರದ ಕೆಲಸದವನಿಗೆ ಸಿಕ್ಕಿದ್ದು ಒಂದು ಹೆಸರು! ನನಗೂ ಹಾಗೇ ಆಯಿತು. ನನ್ನನ್ನ ಅಪ್ಪಾ ಅನ್ನುವ ಒಂದು ಮಗು ಬೇಕು ಅಂತ ನಾನು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ಇಪ್ಪತ್ತು ವರ್ಷ ಪ್ರಾರ್ಥನೆ ಮಾಡಿದ ನಾನು ದೇವರನ್ನ ನನ್ನ ಸ್ವಂತ ದನಿಯಲ್ಲಿ ಅಪ್ಪಾ ಅಂತ ಕರೆದದ್ದು ಅವತ್ತೇ. ತೆವ್ಯಾನ ಹಾಗೆ, ನನ್ನ ಆಸೆಯ ಕೆಳಗೂ ಇನ್ನೊಂದು ಆಸೆ ಇತ್ತು. ಕೇಳದೇ ಇದ್ದಿದ್ದರೆ ಅಲ್ಲಿಗೆ ನಾನು ಇಳಿಯುತ್ತಲೇ ಇರಲಿಲ್ಲ.

ಈಗ ನಿಮ್ಮ ಸರದಿ

ಕೀಬೋರ್ಡ್ ನಿಲ್ಲಿಸಿ ತಮ್ಮಾ. ಇವತ್ತು ಮ್ಯೂಸಿಕ್ ಬೇಡ, ಹಿಂದೆ ಅಡಗಿಕೊಳ್ಳೋಕೆ ಏನೂ ಬೇಡ. ಎಲ್ಲರೂ ಕಣ್ಣು ಮುಚ್ಚಿ. ಎರಡು ನಿಮಿಷ. ಯೇಸು ನಿಮ್ಮ ಮುಂದೆ ನಿಂತು ಅದೇ ಪ್ರಶ್ನೆ ಕೇಳ್ತಿದ್ದಾರೆ: ನಿನಗೆ ಏನು ಬೇಕು? ಮನೆಯ ಮಾತಿನಲ್ಲಿ ಹೇಳಿ. ಕನ್ನಡ, ತೆಲುಗು, ಲಂಬಾಣಿ, ಕ್ಯಾಂಪಿನಿಂದ ಬಂದವರು ಬಂಗಾಳಿಯಲ್ಲಿ ಹೇಳಿ. ಹನ್ನಳ ಹಾಗೆ ತುಟಿ ಮಾತ್ರ ಆಡಿದರೂ ಸರಿ, ಮಾತು ನಿಮ್ಮದೇ ಆಗಿರಲಿ. ಪಕ್ಕದಲ್ಲಿ ಯಾರಾದರೂ ಅತ್ತರೆ ದಯವಿಟ್ಟು ಸುಮ್ಮನಿರಿಸಬೇಡಿ.

ಹೇಳಿದಿರಾ? ಈಗ ಎರಡನೇ ಸಾಲು ನನ್ನ ಜೊತೆ ಹೇಳಿ.

ಅಪ್ಪಾ, ನಮಗೆ ಬೇಕಾದದ್ದನ್ನ ನಿನ್ನ ಮುಂದೆ ಇಟ್ಟಿದ್ದೇವೆ. ಸರಿ ಇದ್ದದ್ದನ್ನ ಕೊಡು, ತಪ್ಪು ಇದ್ದದ್ದನ್ನ ತಿದ್ದು. ತಡವಾದರೆ ನಮ್ಮ ಜೊತೆ ಕೂತಿರು. ಈಗ ನಿನ್ನ ಚಿತ್ತದಂತೆ ಆಗಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ, ಆಮೆನ್.