ಕಂಟಿಗೂ ಒಂದು ಪಾಲು

ಬೇಸಗೆಯಲ್ಲಿ ಖಾನಾಪುರದ ಕಡೆಯ ಹೆಣ್ಣುಮಕ್ಕಳು ಬೆಳಗಾವಿಯ ಪೇಟೆಗೆ ಕವಳಿಹಣ್ಣು ತರುತ್ತಾರೆ. ನಾವು ಚೌಕಾಶಿ ಮಾಡಿಯಾದರೂ ಕೊಳ್ಳುತ್ತೇವೆ. ಅದೇ ಕವಳಿಯ ಕಂಟಿ ಗಾಲ್ಫ್ ಮೈದಾನದಲ್ಲಿ ಎದ್ದರೆ ಕಸವೆನ್ನಿಸಿಕೊಳ್ಳುತ್ತದೆ. ಚೆಂಡು ಉರುಳುವ ಹಾದಿಯಲ್ಲಿ ಅದನ್ನು ಕಡಿಯಲೇಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅಂಚಿನದನ್ನೂ ಕಿತ್ತು, ಹುಲ್ಲು ಹಾಸಿ, ಊರು ನೀರಿಗೆ ಪರದಾಡುವ ದಿನಗಳಲ್ಲಿ ಅದಕ್ಕೆ ನೀರುಣಿಸುವುದೇತಕ್ಕೆ? ಕಣ್ಣಿಗೆ ಚೊಕ್ಕಟವಾಗಿ ಕಾಣಲೆಂದೇ ಅಲ್ಲವೆ! ಈ ಆಟದ ತವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್. ಅಲ್ಲಿನ ಹಳೆಯ ಮೈದಾನದಲ್ಲಿ ಹಳದಿ ಹೂವಿನ ಮುಳ್ಳುಕಂಟಿಗಳು ಇಂದಿಗೂ ಇವೆ. ಆಟವನ್ನು ತಂದುಕೊಂಡ ನಾವು ಆ ಸೈರಣೆಯನ್ನು ತರಲಿಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತೆಂದು ಹಿಗ್ಗಿದವರೂ ನಾವೇ. ಅಲ್ಲಿ ಅಭಯ ಪಡೆದ ಗಿಡಕ್ಕೆ ಇಲ್ಲಿ ಕುಡುಗೋಲೇಕೆ? ಮುಳ್ಳಿನಲ್ಲಿ ಚೆಂಡು ಕಳೆದುಹೋಗುತ್ತದೆನ್ನುವಿರಾ? ಅದಕ್ಕೆ ಒಂದು ಪೆಟ್ಟಿನ ದಂಡವನ್ನು ಆಟದ ನಿಯಮವೇ ಗೊತ್ತುಮಾಡಿದೆ.